ಷರತ್ತುಗಳಿಗೆ ಒಪ್ಪಿದ್ದೇನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಒಂದು ವರ್ಷದಿಂದ, ರಜೆಯ ದಿನ ಬಿಟ್ಟು, ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನಾನು ಒಂದು ಸುಳ್ಳು ಹೇಳುತ್ತಾ ಬಂದಿದ್ದೇನೆ. ಗ್ರಂಥಾಲಯದ ಬಾಗಿಲು ತೆಗೆದು, ಕಸ ಗುಡಿಸಿ, ಪೇಪರುಗಳನ್ನು ಮೇಜಿನ ಮೇಲೆ ಹರಡಿ, ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಪರದೆಯ ಮೇಲೆ ಒಂದು ಪುಟ ಬರುತ್ತದೆ. ತುಂಬ ಸಣ್ಣ ಅಕ್ಷರಗಳ ಪುಟ. ಅದರ ಕೆಳಗೆ 'ಮೇಲಿನ ಎಲ್ಲ ಷರತ್ತುಗಳನ್ನು ಓದಿದ್ದೇನೆ ಮತ್ತು ಒಪ್ಪಿದ್ದೇನೆ' ಎಂಬ ಸಾಲು, ಪಕ್ಕದಲ್ಲಿ ಒಂದು ಚೌಕ. ನಾನು ಚೌಕಕ್ಕೆ ಸರಿ ಗುರುತು ಹಾಕುತ್ತೇನೆ. ಒಪ್ಪಿದ್ದು ನಿಜ, ಓದಿದ್ದು ಶುದ್ಧ ಸುಳ್ಳು. ಪುಸ್ತಕಗಳ ನಡುವೆ ಕೂತು ಸಂಬಳ ತೆಗೆದುಕೊಳ್ಳುವವಳು ಹೀಗೆ ಮಾಡಬಾರದು ಎಂದು ನನಗೂ ಗೊತ್ತಿದೆ.

ಓದದೆ ಒಪ್ಪುವುದು ನನಗೆ ಹೊಸ ಅಭ್ಯಾಸವೇನಲ್ಲ. ಮೂವತ್ತು ವರ್ಷದ ಹಿಂದೆ ಬಂಟ್ವಾಳದ ತವರುಮನೆಗೆ ನನ್ನನ್ನು ನೋಡಲು ಬಂದವರಿಗೆ ನಾನು ಕಾಫಿ ತಂದೆ. ತಟ್ಟೆಯಲ್ಲಿ ಒಂಬತ್ತು ಲೋಟ. ಅಪ್ಪ ಎಲ್ಲರೆದುರು "ಎಂತ ಮಗಾ, ಒಪ್ಪಿಗೆಯಾ?" ಎಂದು ಕೇಳಿದ ಗಳಿಗೆಯಲ್ಲೇ ಒಂದು ಲೋಟ ಜಾರಿದ ಹಾಗಾಗಿ ನಾನು ತಲೆ ಬಗ್ಗಿಸಿ ತಟ್ಟೆ ನೋಡಿದೆ. ಬಗ್ಗಿದ ತಲೆಯನ್ನು ಒಪ್ಪಿಗೆ ಎಂದು ಅಷ್ಟೂ ಜನ ಒಟ್ಟಿಗೆ ತಿಳಿದುಕೊಂಡರು. ಎಲ್ಲ ಸೇರಿ ಏಳು ನಿಮಿಷ ಹಿಡಿದಿರಬಹುದು. ನನ್ನ ಯಜಮಾನರು ಒಳ್ಳೆಯ ಮನುಷ್ಯ, ದೂರಲು ಏನೂ ಇಲ್ಲ. ಆದರೆ ಅವರ ಗೊರಕೆಯ ವಿಷಯ ಯಾವ ಷರತ್ತಿನ ಅಡಿಯಲ್ಲಿ ಬರುತ್ತದೆ ಎಂದು ಕೇಳಬೇಕೆಂದು ಆಗಾಗ ಅನಿಸುವುದುಂಟು.

ಇರಲಿ, ಆ ಪುಟದ ಕಥೆಗೆ ಬರುತ್ತೇನೆ. ನಮ್ಮೂರು ಮುಂಡಾಜೆಯ ರಸ್ತೆಯಿಂದ ನಾಲ್ಕು ಮೈಲು ಒಳಗೆ, ಗುಡ್ಡಗಳ ಮಧ್ಯೆ ಇದೆ. ಇಲ್ಲಿ ಮೊಬೈಲು ಸಮಯ ನೋಡಲಿಕ್ಕೆ ಮತ್ತು ಟಾರ್ಚಿಗೆ ಮಾತ್ರ. ಸಿಗ್ನಲ್ ಬೇಕಾದವರು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಅಲ್ಲೂ ಸಿಗುವುದು ಮಾತಿಗೆ, ಮೆಸೇಜಿಗೆ ಸಾಕಾಗುವಷ್ಟೇ. ಒಂದು ಚಿತ್ರ ತೆರೆಯಬೇಕಾದರೆ ಅಷ್ಟು ಹೊತ್ತಿಗೆ ಒಂದು ತೆಂಗಿನಕಾಯಿ ಸುಲಿದು ಮುಗಿಯುತ್ತದೆ. ಹೀಗಿರುವಾಗ ಕಳೆದ ವರ್ಷ ನೆಲದಡಿಯಲ್ಲಿ ಕೇಬಲ್ ಎಳೆದು ಗ್ರಂಥಾಲಯಕ್ಕೆ ವೈಫೈ ಕೊಟ್ಟರು. ಊರಿಗೆ ಊರೇ ಖುಷಿಪಟ್ಟಿತು. ನಾನು ಬಾಗಿಲಿಗೆ ಮಾವಿನ ಎಲೆ ಕಟ್ಟಿದೆ. ಗೋಡೆಯಲ್ಲಿ ನಾನು ಸೇರಿದ ವರ್ಷದಿಂದ ತೂಗುತ್ತಿರುವ 'ಮಾತನಾಡಬಾರದು' ಎಂಬ ಹಲಗೆಯನ್ನೂ ಒರೆಸಿದೆ. ಆ ಹಲಗೆಯನ್ನು ಇಷ್ಟು ವರ್ಷದಲ್ಲಿ ಯಾರೂ ಲೆಕ್ಕಕ್ಕೆ ಇಟ್ಟವರಿಲ್ಲ, ಆದರೆ ಒರೆಸುವುದು ನನ್ನ ಕೆಲಸ.

ವೈಫೈ ಬಂತು, ಜೊತೆಗೆ ಪುಟವೂ ಬಂತು. ನೀವು ರೈಲ್ವೆ ಸ್ಟೇಷನ್ನಿನಲ್ಲೋ ಆಸ್ಪತ್ರೆಯಲ್ಲೋ ಇದನ್ನು ಕಂಡಿರುತ್ತೀರಿ. ಫೋನಿನಲ್ಲಿ ವೈಫೈಯ ಗೆರೆಗಳು ಪೂರ್ತಿ ತುಂಬಿರುತ್ತವೆ, ಒಳಗೆ ಮಾತ್ರ ಏನೂ ಅಲ್ಲಾಡುವುದಿಲ್ಲ. ನೀವು ಹವಾಮಾನ ಕೇಳಿ, ಅಡಿಕೆ ಧಾರಣೆ ಕೇಳಿ, ಎದುರು ಬಂದು ನಿಲ್ಲುವುದು ಅದೇ ಪುಟ. ಇದರ ಒಳಗುಟ್ಟನ್ನು ನಾನು ಹಟ ಹಿಡಿದು ತಿಳಿದುಕೊಂಡಿದ್ದೇನೆ. ಫೋನು ವೈಫೈಗೆ ಸೇರಿದ ಕೂಡಲೇ ನಮಗೆ ಗೊತ್ತಾಗದಂತೆ ಹೊರಗಿನ ಪ್ರಪಂಚಕ್ಕೆ ಒಂದು ಸಣ್ಣ ಪ್ರಶ್ನೆ ಕಳಿಸುತ್ತದಂತೆ, "ಇದ್ದೀರಾ?" ಎಂದು. ಬಾಗಿಲು ಕಾಯುವ ಸಾಫ್ಟ್‌ವೇರ್ ಆ ಪ್ರಶ್ನೆಯನ್ನು ದಾರಿಯಲ್ಲೇ ಹಿಡಿದು, ತಾನೇ ಉತ್ತರ ಕೊಟ್ಟು, ತನ್ನ ಪುಟವನ್ನು ಮುಂದಿಡುತ್ತದೆ. ಹಿಂದೆ ಘಟ್ಟ ಇಳಿದು ಬರುವ ಎತ್ತಿನ ಗಾಡಿಗಳನ್ನು ಸುಂಕದ ಕಟ್ಟೆಯಲ್ಲಿ ತಡೆಯುತ್ತಿದ್ದರು. ಯಾರು, ಎಲ್ಲಿಂದ, ಗೋಣಿಯಲ್ಲಿ ಏನು ಎಂದು ಹೇಳದೆ ಗಾಡಿ ಮುಂದೆ ಹೋಗುವಂತಿರಲಿಲ್ಲ. ಈಗ ಕಟ್ಟೆ ನಮ್ಮ ಅಂಗೈಗೆ ಬಂದಿದೆ.

ಗ್ರಂಥಾಲಯದ ಕಂಪ್ಯೂಟರಿಗೆ ಚೌಕ ಸಾಕು; ಬಂದವರ ಫೋನಿಗೆ ನಮ್ಮ ಕಟ್ಟೆ ಕೇಳುವುದು ಮೊಬೈಲ್ ನಂಬರು. ನಂಬರು ಕೊಟ್ಟರೆ ಆರು ಅಂಕಿಯ ಒಟಿಪಿ ಮೆಸೇಜಿನಲ್ಲಿ ಬರುತ್ತದೆ. ಅದನ್ನು ಎರಡು ನಿಮಿಷದೊಳಗೆ ಪುಟದಲ್ಲಿ ಹಾಕಿದರೆ ಅರ್ಧ ಗಂಟೆ ಇಂಟರ್ನೆಟ್. ಈಗ ನೀವೇ ಯೋಚಿಸಿ. ಸಿಗ್ನಲ್ ಇಲ್ಲ ಎಂದೇ ವೈಫೈ ಕೊಟ್ಟದ್ದು. ವೈಫೈ ಬೇಕಾದರೆ ಸಿಗ್ನಲ್ ಬೇಕು. ಮೆಸೇಜು ಟ್ಯಾಂಕಿನ ಹತ್ತಿರ ಬರುತ್ತದೆ, ಪುಟ ಗ್ರಂಥಾಲಯದಲ್ಲಿ ಬರುತ್ತದೆ, ಮಧ್ಯೆ ಒಂದು ಗುಡ್ಡ. ಮೊದಲ ವಾರ ಊರಿನ ಹಲವರು ಫೋನು ಹಿಡಿದು ಗುಡ್ಡ ಹತ್ತಿ ಇಳಿದು ಏದುಸಿರು ಬಿಟ್ಟರು. ಯಾರಿಗೂ ಎರಡು ನಿಮಿಷ ಸಾಕಾಗಲಿಲ್ಲ. ವೈಫೈ ಹಾಕಿದ ಏಜೆನ್ಸಿಯವರಿಗೆ ನಾನು ಫೋನು ಮಾಡಿದೆ, ಅದನ್ನೂ ಟ್ಯಾಂಕಿನ ಹತ್ತಿರದಿಂದಲೇ. "ಮೇಡಂ, ಒಟಿಪಿ ಬರದಿದ್ದರೆ ನಮ್ಮ ವೆಬ್‌ಸೈಟಿನಲ್ಲಿ ದೂರು ಹಾಕಿ" ಅಂದರು. ಕಂಪ್ಯೂಟರಿನಿಂದ ಹಾಕಿದ ದೂರಿಗೆ ಉತ್ತರ ಬರಲೇ ಇಲ್ಲ.

ದಾರಿ ತೋರಿಸಿದವರು ಇದಿನಬ್ಬ ಕಾಕ. ಕನ್ಯಾನದ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದವರು, ನಲ್ವತ್ತು ವರ್ಷ ಕಾಳುಮೆಣಸಿನ ವ್ಯಾಪಾರ ಮಾಡಿ ಈಗ ಸುಮ್ಮನೆ ಕೂತವರು. ಸುಮ್ಮನೆ ಕೂರುವುದು ಬೆಳಿಗ್ಗೆಯಿಂದಲೇ ಟ್ಯಾಂಕಿನ ಕಟ್ಟೆಯ ಮೇಲೆ, ಯಾಕೆಂದರೆ ಸಂಜೆ ಐದಕ್ಕೆ ಶಾರ್ಜಾದಿಂದ ಮಗಳ ಫೋನು ಬರುತ್ತದೆ. ಅವರದ್ದು ಬಟನಿನ ಹಳೆಯ ಫೋನು. ಒಂದು ದಿನ ಕಟ್ಟೆಯಿಂದಲೇ ಕೂಗಿ ಹೇಳಿದರು: "ಟೀಚರೇ, ನನ್ನ ನಂಬರು ಹಾಕಿ ನೋಡಿ. ನನ್ನ ಫೋನು ಇಲ್ಲೇ ಉಂಟಲ್ಲ!" ಊರಿನಲ್ಲಿ ಎಲ್ಲರಿಗೂ ನಾನು ಲೈಬ್ರರಿ ಟೀಚರ್, ಯಾರಿಗೂ ಒಂದಕ್ಷರ ಕಲಿಸಿದವಳಲ್ಲ.

ಹಾಗೆ ಶುರುವಾಯಿತು ನಮ್ಮೂರಿನ ಪದ್ಧತಿ. ಯಾರಿಗೆ ವೈಫೈ ಬೇಕೋ ಅವರು ಪುಟದಲ್ಲಿ ಇದಿನಬ್ಬ ಕಾಕನ ನಂಬರು ಹಾಕಿ ಅಂಗಳಕ್ಕೆ ಬಂದು ಒಂದು ಕೂಗು ಹಾಕುವುದು. ಮೇಲೆ ಅವರು ಕನ್ನಡಕ ಏರಿಸಿ ಅಂಕಿಗಳನ್ನು ತುಳುವಿನಲ್ಲಿ ಒಂದೊಂದಾಗಿ ಕೂಗಿ ಹೇಳುವುದು. ಇಲ್ಲಿ ಒಬ್ಬರು ಕೇಳಿಸಿಕೊಂಡು ಒತ್ತುವುದು. ಎಂಟು ತಿಂಗಳು ಇದು ಚೆನ್ನಾಗಿ ನಡೆಯಿತು. ಪರೀಕ್ಷೆಯ ಅರ್ಜಿಗಳು ಹೋದವು, ರೇಷನ್ ಕಾರ್ಡಿನ ಹೆಸರುಗಳು ತಿದ್ದಲ್ಪಟ್ಟವು, ಸಿನಿಮಾಗಳೂ ಇಳಿದವು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಮೆಸೇಜಿನಲ್ಲೇ ಬರೆದಿರುತ್ತದೆ. ನಮ್ಮೂರಲ್ಲಿ ಅದನ್ನು ಎರಡು ಫರ್ಲಾಂಗಿನವರೆಗೆ ಕೇಳುವಂತೆ ಹೇಳುತ್ತಿದ್ದರು.

ಇಷ್ಟರಲ್ಲಿ ಶೇಖರನ ವಿಷಯ ಬಂತು. ಶೇಖರ ಗ್ರಂಥಾಲಯದ ಪಕ್ಕದ ಕೋಣೆಯ ಟೈಲರ್. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಆದ್ದರಿಂದ ಮಾತೂ ಬರಲಿಲ್ಲ. ದೂರದ ಶಾಲೆಯಲ್ಲಿದ್ದು ಕೈಭಾಷೆ ಕಲಿತು ಬಂದವನು. ಊರಿನಲ್ಲಿ ಆ ಭಾಷೆ ತಿಳಿದವರು ಒಬ್ಬರೂ ಇಲ್ಲ. ನಮಗೆ ಏನಾದರೂ ಹೇಳಬೇಕಾದರೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆಯುತ್ತಾನೆ, ಆಮೇಲೆ ಅಂಗೈಯಿಂದ ಒರೆಸುತ್ತಾನೆ. ಅವನ ತಾಯಿ ಲೀಲಕ್ಕ ಬೀಡಿ ಕಟ್ಟುತ್ತಾ "ಅವನಿಗೆ ನಾನು ಹೇಳಿದ್ದೆಲ್ಲ ಅರ್ಥ ಆಗ್ತದೆ" ಎನ್ನುತ್ತಾರೆ. ಅವರು ಹೇಳುವುದು ಊಟ, ನೀರು, ಬಾ, ಹೋಗು ಎಂಬ ನಾಲ್ಕು.

ಮೂಡುಬಿದಿರೆಯಲ್ಲಿ ಪ್ರೇಮ ಎಂಬ ಹುಡುಗಿ. ಅವಳಿಗೂ ಕಿವಿ ಕೇಳುವುದಿಲ್ಲ. ಒಂದು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ. ಎರಡು ಮನೆಯ ಹಿರಿಯರು ಸೇರಿ, ಬಾಯಿ ತುಂಬ ಮಾತಾಡಿ, ಸಂಬಂಧ ಬಹುತೇಕ ಗಟ್ಟಿ ಮಾಡಿದ್ದರು. ಆದರೆ ಪ್ರೇಮ ನನ್ನಂತಲ್ಲ. ಶೇಖರನಿಗೆ ಒಂದು ಮೆಸೇಜು ಕಳಿಸಿದಳು. ಅದನ್ನು ಅವನು ಟ್ಯಾಂಕಿನ ಹತ್ತಿರ ಓದಿ, ಓಡಿ ಬಂದು ನನಗೆ ತೋರಿಸಿದ. 'ನನ್ನ ಗೆಳತಿಯರು ಇರುವುದು ವಿಡಿಯೋದಲ್ಲಿ. ನಿಮ್ಮ ಊರಿನಿಂದ ವಿಡಿಯೋ ಆಗುತ್ತದಾ? ಶನಿವಾರ ನಾಲ್ಕು ಗಂಟೆಗೆ ನಿಮ್ಮ ಊರಿನಿಂದಲೇ ಮಾತಾಡು. ಬೇರೆ ಊರಿಗೆ ಹೋಗಿ ಮಾಡಬೇಡ. ಆಗದಿದ್ದರೆ ನಾನು ಬರುವುದಿಲ್ಲ.'

ನಾನು ಅದನ್ನು ಎರಡು ಸಲ ಓದಿದೆ. ಹುಡುಗಿ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕೈ ಕಾಣದ ಊರಿಗೆ ಮದುವೆಯಾಗಿ ಬಂದರೆ ಅವಳು ಆಮೇಲೆ ಯಾರ ಹತ್ತಿರ ಮಾತಾಡಬೇಕು? ಶೇಖರ ಮೇಜಿನ ಮೇಲೆ ಬರೆದ: 'ಆಗ್ತದಾ?' ನಾನು ಅವನ ಸೀಮೆಸುಣ್ಣ ತೆಗೆದುಕೊಂಡು ಕೆಳಗೆ 'ಆಗಲೇಬೇಕು' ಎಂದು ಬರೆದೆ. ಬರೆದ ಮೇಲೆ ಹೆದರಿಕೆಯಾಯಿತು, ಆದರೆ ಒರೆಸಲಿಲ್ಲ.

ಗುರುವಾರ ಏಜೆನ್ಸಿಯಿಂದ ಒಬ್ಬರು ಕಾರಿನಲ್ಲಿ ಬಂದಿಳಿದರು. ಕೈಯಲ್ಲಿ ಒಂದು ಪಟ್ಟಿ. "ಮೇಡಂ, ನಿಮ್ಮಲ್ಲಿ ಒಬ್ಬನೇ ಒಬ್ಬ ಗಿರಾಕಿ ಇರುವುದಾ? ಎಂಟು ತಿಂಗಳಿಂದ ಎಲ್ಲ ಲಾಗಿನ್ ಒಂದೇ ನಂಬರಿನಿಂದ. ಬೆಳಿಗ್ಗೆ ಗಣಿತದ ಪಾಠ, ಮಧ್ಯಾಹ್ನ ಬ್ಲೌಸಿನ ಡಿಸೈನು, ಸಂಜೆ ಫೈಟಿಂಗ್ ಸಿನಿಮಾ. ಯಾರು ಮಾರಾಯ್ರೆ ಈ ಮನುಷ್ಯ?" ನಾನು ಕಿಟಕಿಯಿಂದ ಗುಡ್ಡದ ಕಡೆ ಬೆರಳು ತೋರಿಸಿದೆ. ಬಿಳಿ ಮುಂಡು ಉಟ್ಟ ಇದಿನಬ್ಬ ಕಾಕ ಹೆಗಲ ಮೇಲಿನ ಟವೆಲು, ಆ ಬೈರಾಸಿನಿಂದ ನೊಣ ಓಡಿಸುತ್ತಾ ಕೂತಿದ್ದರು. ಬಂದವರಿಗೆ ನಗು ಬಂತು, ಆದರೆ ನಿಯಮ ನಿಯಮವೇ. ಯಾರ ಕೈಯಲ್ಲಿ ಫೋನಿದೆಯೋ ಅವರದ್ದೇ ನಂಬರಿರಬೇಕಂತೆ, ನಾಳೆ ಯಾರಾದರೂ ಏನಾದರೂ ಅನಾಹುತ ಮಾಡಿದರೆ ಹೊಣೆ ಈ ಮುದುಕನ ಮೇಲೆ ಬರುತ್ತದಂತೆ. ಅದೂ ಸರಿಯೇ. ಅವರು ಅಲ್ಲೇ ಕೂತು ಕಾಕನ ನಂಬರನ್ನು ಬ್ಲಾಕ್ ಮಾಡಿ, ಚಾ ಕುಡಿದು, ಹೊರಟುಹೋದರು.

ಶೇಖರ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ. ಕೇಳಿಸದಿದ್ದರೂ ಅವನಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿತ್ತು. ಅವತ್ತು ಅವನು ಮಶಿನ್ ತುಳಿಯಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ; ಆ ಪುಟದ ಮೇಲೆಯೇ ಇರಬೇಕು. ಒಂದು ಚೌಕ, ಎರಡು ಸಾಲು, ಇಷ್ಟರ ಎದುರು ನಾನು ಸೋಲುವುದಿಲ್ಲ ಎಂದು ಆ ಸಂಜೆ ಬೀಗ ಹಾಕುವಾಗ ತೀರ್ಮಾನಿಸಿದೆ. ನನ್ನ ಕಂಪ್ಯೂಟರಿಗೆ ಒಟಿಪಿ ಬೇಡ, ಆದರೆ ಅದಕ್ಕೆ ಕ್ಯಾಮರಾ ಇಲ್ಲ. ಬೇಕಾದದ್ದು ಶೇಖರನ ಫೋನೇ, ಅವನ ನಂಬರೇ.

ರಾತ್ರಿ ದೋಸೆಗೆ ಅಕ್ಕಿ ನೆನೆಹಾಕುವಾಗ ಒಂದು ವಿಷಯ ಹೊಳೆಯಿತು. ವೈಫೈಗೆ ಫೋನು ಸಾಕು, ಸಿಮ್ಮು ಬೇಡ. ಮೆಸೇಜಿಗೆ ಸಿಮ್ಮು ಬೇಕು, ಫೋನು ಯಾವುದಾದರೂ ಆದೀತು. ಅಂದರೆ ಶೇಖರನ ಫೋನು ಕೆಳಗಿರಲಿ, ಅವನ ಸಿಮ್ಮು ಟ್ಯಾಂಕಿನ ಮೇಲಿರಲಿ, ಕಾಕನ ಫೋನಿನೊಳಗೆ. ನಂಬರು ಅವನದ್ದೇ, ಫೋನು ಹಿಡಿದವನೂ ಅವನೇ, ನಿಯಮಕ್ಕೂ ಭಂಗವಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಯಜಮಾನರನ್ನು ಎಬ್ಬಿಸಿ ಹೇಳಿದೆ. ಅವರು "ಆಯ್ತು, ಹಾಗೇ ಮಾಡುವ" ಎಂದು ಮಗ್ಗುಲು ಬದಲಿಸಿದರು.

ಶುಕ್ರವಾರ ಹೊಸ ತೊಡಕು. ಶೇಖರನ ಸಿಮ್ಮು ಈಗಿನ ಕಾಲದ್ದು, ಉಗುರಿನಷ್ಟು. ಕಾಕನ ಫೋನಿನ ಗೂಡು ಹಳೆಯ ಕಾಲದ್ದು, ಅಂಚೆಚೀಟಿಯಷ್ಟು. ಹಾಕಿದರೆ ಒಳಗೆ ಉರುಳಾಡುತ್ತದೆ. ಶೇಖರ ಒಂದು ಗಳಿಗೆ ನೋಡಿ, ಅಂಗಿಯ ಕಾಲರಿನೊಳಗೆ ಇಡುವ ಗಟ್ಟಿ ಕ್ಯಾನ್ವಾಸಿನ ತುಂಡು ತೆಗೆದ. ಕಾಕನ ಸಿಮ್ಮಿನ ಅಳತೆಗೆ ಕತ್ತರಿಸಿ, ಮಧ್ಯೆ ತನ್ನ ಸಿಮ್ಮಿನಷ್ಟು ಕಿಟಕಿ ಕೊರೆದು, ಅದರೊಳಗೆ ಸಿಮ್ಮನ್ನು ಕೂರಿಸಿದ. ಟ್ಯಾಂಕಿನ ಹತ್ತಿರ ಒಯ್ದು ಹಾಕಿದರೆ ಫೋನು ಒಪ್ಪಿಕೊಂಡಿತು. ಕಾಕ ತಮ್ಮ ಸಿಮ್ಮನ್ನು ಬೈರಾಸಿನ ತುದಿಗೆ ಗಂಟು ಹಾಕಿಕೊಂಡರು. "ಮಾತು ಉದ್ದ ಆದ್ರೆ ನಾಳೆ ಒಂದು ದಿನ ಮಗಳು ಕಾಯ್ಲಿ" ಅಂದರು. ಆ ಐದು ಗಂಟೆಯ ಫೋನು ಅವರಿಗೆ ಎಷ್ಟು ಮುಖ್ಯ ಎಂದು ಊರಿಗೆಲ್ಲ ಗೊತ್ತು.

ಶನಿವಾರ ಮೂರೂ ಮುಕ್ಕಾಲಕ್ಕೆ ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿದ್ದೆವು. ಶೇಖರ ಇಸ್ತ್ರಿ ಮಾಡಿದ ಅಂಗಿ ಹಾಕಿ ಗ್ರಂಥಾಲಯದ ಬಾಗಿಲ ಬಳಿ ಕೂತಿದ್ದ. ಕಾಕ ಮೇಲೆ. ನಾನು ಅಂಗಳದಲ್ಲಿ, ಅಂಕಿ ಕೇಳಿಸಿಕೊಂಡು ಬರೆದುಕೊಡಲು ಪೆನ್ನು ಹಿಡಿದು. ಸರಿಯಾಗಿ ಆ ಹೊತ್ತಿಗೆ ಸೀರೆ ಮಾರಾಟದ ಜಾಹೀರಾತಿನ ರಿಕ್ಷಾವೊಂದು ಬಂದು ಎದುರಿನ ಅಂಗಡಿಯ ಮುಂದೆ ನಿಂತಿತು. ಮೇಲೆ ಎರಡು ಧ್ವನಿವರ್ಧಕ. ಡ್ರೈವರು ಅದನ್ನು ಹಾಡಲು ಬಿಟ್ಟು ಎಲ್ಲಿಗೋ ಚಾ ಕುಡಿಯಲು ಹೋಗಿದ್ದ. ನಾಲ್ಕಕ್ಕೆ ಸರಿಯಾಗಿ ಶೇಖರ ಒಟಿಪಿ ಗುಂಡಿ ಒತ್ತಿದ. ಮೇಲೆ ಕಾಕನ ಬಾಯಿ ತೆರೆದು ಮುಚ್ಚುವುದು ಕಂಡಿತು. ನನಗೆ ಕೇಳಿಸಿದ್ದು ಮೂರು ಸೀರೆಗೆ ಒಂದು ಉಚಿತ ಎಂಬುದು ಮಾತ್ರ.

ನಾನು ಕೈ ಆಡಿಸಿ ಕಿವಿ ತೋರಿಸಿದೆ. ಆಗ ಕಾಕ ಎದ್ದು ನಿಂತರು, ಬೈರಾಸನ್ನು ಹೆಗಲಿನಿಂದ ತೆಗೆದು ಕಟ್ಟೆಯ ಮೇಲಿಟ್ಟರು, ಎರಡೂ ಕೈ ಎತ್ತಿದರು. ಇಲ್ಲಿ ಸ್ವಲ್ಪ ನಿಲ್ಲಿಸಿ ಒಂದು ಮಾತು ಹೇಳಬೇಕು. ಹಿಂದೆ ಕಾಳುಮೆಣಸಿನ ವ್ಯಾಪಾರಿಗಳು ದರ ಮಾತಾಡುತ್ತಿದ್ದದ್ದು ಬಾಯಲ್ಲಿ ಅಲ್ಲವಂತೆ. ಇಬ್ಬರ ಕೈಯ ಮೇಲೆ ಒಂದು ಬೈರಾಸು ಹಾಕಿ, ಅದರಡಿಯಲ್ಲಿ ಬೆರಳು ಮುಟ್ಟಿ ದರ ಹೇಳುವುದು, ಬೆರಳು ಹಿಡಿದು ಒಪ್ಪುವುದು. ಸುತ್ತ ನಿಂತವರಿಗೆ ಏನೂ ತಿಳಿಯದು. ಕಾಕ ಆ ವಿದ್ಯೆಯಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಈಗ ಬೈರಾಸು ಕಳಚಿಟ್ಟು, ಊರಿಗೆಲ್ಲ ಕಾಣುವಂತೆ, ಒಂದೊಂದು ಅಂಕಿಗೆ ಅಷ್ಟಷ್ಟು ಬೆರಳು ಬಿಚ್ಚಿದರು. ಸೊನ್ನೆಗೆ ಮುಷ್ಟಿ. ನನ್ನ ಕನ್ನಡಕಕ್ಕೆ ಅದು ಬಿಳಿ ಮುಂಡಿನ ಮೇಲೆ ಏನೋ ಅಲುಗಿದ ಹಾಗೆ ಕಂಡಿತಷ್ಟೇ. ಆದರೆ ಶೇಖರ ಹುಟ್ಟಿದಂದಿನಿಂದ ಕೈಗಳನ್ನೇ ಓದಿದವನು. ಅಷ್ಟು ದೂರದಿಂದ ಆರಕ್ಕೆ ಆರು ಅಂಕಿ ಓದಿ, ಒತ್ತಿ, ನನ್ನ ಕಡೆ ತಿರುಗಿ ನಕ್ಕ. ನನ್ನ ಕೈಯಲ್ಲಿ ಪೆನ್ನು ಹಾಗೇ ಇತ್ತು.

ಪರದೆಯಲ್ಲಿ ಪ್ರೇಮ ಬಂದಳು. ನೀಲಿ ಚೂಡಿದಾರ, ಗಂಭೀರ ಮುಖ. ಎಡಗೈಯಲ್ಲಿ ಫೋನು ಹಿಡಿದಿರಲಿಲ್ಲ, ಎಲ್ಲೋ ಒರಗಿಸಿ ಇಟ್ಟಿದ್ದಳು. ಮಾತಾಡಲು ಎರಡು ಕೈ ಬೇಕಲ್ಲ. ಅವಳ ಕೈಗಳು ಶುರುವಾದವು. ಶೇಖರನ ಕೈಗಳು ಉತ್ತರ ಕೊಟ್ಟವು. ನಮ್ಮ ಶೇಖರ ಇಷ್ಟು ಮಾತುಗಾರ ಎಂದು ನನಗೆ ಆ ದಿನ ಗೊತ್ತಾಯಿತು. ಹುಬ್ಬು, ಭುಜ, ತುಟಿ, ಎಲ್ಲವೂ ಮಾತಾಡುತ್ತಿದ್ದವು. ಇಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಇದ್ದವನನ್ನು ಮಾತು ಬಾರದವನು ಎನ್ನುತ್ತಾ ಬಂದಿದ್ದೆವಲ್ಲ ಎಂದು ನಾಚಿಕೆಯಾಯಿತು. ಬಾರದಿದ್ದದ್ದು ನಮಗೆ.

ಕಾಕ ಮೊದಲೇ ಹೇಳಿದ್ದರು, ಸಂಜೆಯ ಅಸರ್ ನಮಾಜಿಗೆ ಹೋಗಬೇಕು ಎಂದು. "ಅರ್ಧ ಗಂಟೆ ಧಾರಾಳ ಸಾಕು ಕಾಕ, ಮತ್ತೆ ಎಂತ ಮಾತಾಡ್ಲಿಕ್ಕೆ ಉಂಟು?" ಎಂದು ನಾನೇ ಅಪ್ಪಣೆ ಕೊಟ್ಟಿದ್ದೆ. ಏಳು ನಿಮಿಷದಲ್ಲಿ ಮದುವೆ ಗೊತ್ತಾದವಳ ಲೆಕ್ಕ ಅದು. ನಾಲ್ಕೂವರೆಗೆ ಪ್ರೇಮ ಏನೋ ಮುಖ್ಯವಾದದ್ದನ್ನು ಕೇಳುತ್ತಿದ್ದಳು, ಅವಳ ಎರಡೂ ಕೈ ಮೇಲೆ ಇದ್ದವು, ಆಗ ಅವಳು ಹಾಗೇ ಕಲ್ಲಾದಳು. ಚಿತ್ರ ನಿಂತು, ಪುಟ ಬಂತು: ನಿಮ್ಮ ಅವಧಿ ಮುಗಿದಿದೆ. ಶೇಖರ ನನ್ನ ಮುಖ ನೋಡಿದ. ಟ್ಯಾಂಕಿನ ಕಟ್ಟೆ ಖಾಲಿಯಿತ್ತು.

ನನಗೆ ಐವತ್ತೆರಡು, ಬಲ ಮೊಣಕಾಲಿಗೆ ಅದಕ್ಕಿಂತಲೂ ಜಾಸ್ತಿ. ಮೆಟ್ಟಿಲು ಹತ್ತಬೇಡಿ ಎಂದು ಬೆಳ್ತಂಗಡಿಯ ಡಾಕ್ಟರು ಹೇಳಿದ್ದಾರೆ; ಗುಡ್ಡದ ಬಗ್ಗೆ ಏನೂ ಹೇಳಿರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಹತ್ತಿದೆ. ಎರಡು ಕಡೆ ಜಾರಿದೆ, ಒಂದು ಕಡೆ ಕೂತೆ, ಮತ್ತೆ ಎದ್ದೆ. ಕಾಕ ಫೋನನ್ನು ಬೈರಾಸಿನ ಅಡಿಯಲ್ಲಿ ಕಟ್ಟೆಯ ಮೇಲೆಯೇ ಬಿಟ್ಟು ಹೋಗಿದ್ದರು, ಪುಣ್ಯಾತ್ಮ. ಅದನ್ನು ಎತ್ತಿ ಹಿಡಿದು ಶೇಖರನಿಗೆ ಸನ್ನೆ ಮಾಡಿದೆ. ಅವನು ಗುಂಡಿ ಒತ್ತಿದ. ಫೋನು ಕೈಯಲ್ಲಿ ನಡುಗಿತು: ನಾಲ್ಕು, ಸೊನ್ನೆ, ಏಳು, ಒಂಬತ್ತು, ಎರಡು, ಐದು.

ಮಾತಿನಲ್ಲಿ ಮೂವತ್ತು ವರ್ಷ ಜನರನ್ನು ಗದರಿಸಿದ ನಾನು ಮೊದಲ ಸಲ ಕೈಯಲ್ಲಿ ಹೇಳಲು ಹೊರಟಿದ್ದೆ. ನಾಲ್ಕು ಬೆರಳು ಎತ್ತಿದೆ. ಮುಷ್ಟಿ ಹಿಡಿದೆ. ಏಳಕ್ಕೆ ಎರಡು ಕೈ ಬೇಕು, ಫೋನು ಎಲ್ಲಿಡುವುದು? ಬೈರಾಸಿನ ಮೇಲೆ ಎಸೆದೆ. ಒಂಬತ್ತಕ್ಕೆ ಯಾವ ಬೆರಳು ಮಡಚುವುದು ಎಂದು ಗಲಿಬಿಲಿಯಾಗಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಕೊನೆಗೆ ಐದಕ್ಕೆ ಅಂಗೈ ಬಿಚ್ಚಿ ಎತ್ತಿ ಹಿಡಿದು ನಿಂತೆ. ಅವನಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಇಳಿಸಿದರೆ ಎಲ್ಲಿ ತಪ್ಪುತ್ತದೋ ಎಂದು ಇಳಿಸಲೇ ಇಲ್ಲ. ತುಂಬ ಹೊತ್ತಿನ ಮೇಲೆ ಶೇಖರ ಬಾಗಿಲಿಗೆ ಬಂದು ಫೋನನ್ನು ನನ್ನ ಕಡೆಗೆ ತಿರುಗಿಸಿ ಹಿಡಿದ. ಯಾಕೆಂದು ಅರ್ಥವಾಗದೆ ನಾನು ಕೈ ಎತ್ತಿಕೊಂಡೇ ನಿಂತಿದ್ದೆ.

ಇಳಿದು ಬರುವಷ್ಟರಲ್ಲಿ ಎರಡನೆಯ ಅರ್ಧ ಗಂಟೆಯೂ ಮುಗಿದಿತ್ತು. ಶೇಖರ ಮೇಜಿನ ಮೇಲೆ ಬರೆಯತೊಡಗಿದ. ಮೇಜು ಸಾಲಲಿಲ್ಲ, ಶಾಲೆಯ ಯೂನಿಫಾರಂನ ನೀಲಿ ಬಟ್ಟೆ ಹರಡಿ ಅದರ ಮೇಲೂ ಬರೆದ. ಪ್ರೇಮಳ ಷರತ್ತುಗಳು. ಪುಸ್ತಕ ಹೊಲಿಯುವ ಕೆಲಸ ಬಿಡುವುದಿಲ್ಲ, ಮನೆಗೆ ತಂದು ಮಾಡುತ್ತೇನೆ. ದಿನಕ್ಕೊಮ್ಮೆ ಗೆಳತಿಯರ ಜೊತೆ ವಿಡಿಯೋ ಬೇಕು. ಕೊನೆಯದ್ದು, ಅವಳು ಕಲ್ಲಾದಾಗ ಕೇಳುತ್ತಿದ್ದದ್ದು: ಮನೆಯಲ್ಲಿ, ಊರಲ್ಲಿ ಎಲ್ಲರೂ ಬಾಯಿಯಲ್ಲಿ ಮಾತಾಡಿ ನಗುವಾಗ ನಾನು ಗೋಡೆ ನೋಡುತ್ತಾ ಕೂರುವುದಿಲ್ಲ. ಕಿವಿ ಕೇಳುವವರಲ್ಲಿ ಒಬ್ಬರಾದರೂ ನಮ್ಮ ಭಾಷೆ ಕಲಿಯಬೇಕು. ಅಂಥವರು ಯಾರಿದ್ದಾರೆ?

"ನೀನು ಎಂತ ಹೇಳಿದೆ?" ಎಂದು ನಾನು ಬರೆದೆ.

ಶೇಖರ ಬರೆಯಲಿಲ್ಲ. ಫೋನನ್ನು ಎತ್ತಿ ಬಾಗಿಲಿನಾಚೆಗೆ, ಗುಡ್ಡದ ಕಡೆಗೆ ತಿರುಗಿಸಿ ತೋರಿಸಿದ. ಆಮೇಲೆ ಅಂಗೈ ಬಿಚ್ಚಿ ಮೇಲೆತ್ತಿ, ಕಾಲು ಸ್ವಲ್ಪ ಸೊಟ್ಟ ಮಾಡಿ, ಹೆದರಿದ ಮುಖ ಮಾಡಿ ನಿಂತ. ಅದು ನಾನೇ. ಸೀರೆ ಸಿಕ್ಕಿಸಿಕೊಂಡು ಟ್ಯಾಂಕಿನ ಪಕ್ಕ ನಿಂತ ನನ್ನನ್ನು ಅವನು ಮೂಡುಬಿದಿರೆಗೆ ತೋರಿಸಿದ್ದ. ಪ್ರೇಮ ನಕ್ಕಳಂತೆ. ನನ್ನ ಐದಕ್ಕೆ ಅವಳೂ ಅಂಗೈ ಎತ್ತಿ ತೋರಿಸಿದಳಂತೆ. ಒಪ್ಪಿದಳಾ ಎಂದು ಕೇಳಿದೆ. ಬಟ್ಟೆಯ ಮೂಲೆಯಲ್ಲಿ ಬರೆದ: 'ಇನ್ನೂ ಇಲ್ಲ. ಟೀಚರಿಗೆ ಅಂಕಿ ಮಾತ್ರ ಬರುವುದು ಅಲ್ಲವಾ, ಮುಂದಿನ ಶನಿವಾರ ನೋಡುವ ಅಂದಳು.'

ಮರುದಿನ ಭಾನುವಾರ, ನಮ್ಮ ಗ್ರಂಥಾಲಯಕ್ಕೆ ರಜೆ ಸೋಮವಾರ. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತೆ. ಪುಟ ಬಂತು, ಚೌಕ ಬಂತು. ಕೈ ಹಳೆಯ ಅಭ್ಯಾಸದಲ್ಲಿ ಮುಂದೆ ಹೋಯಿತು, ನಿಂತಿತು. ಇಪ್ಪತ್ತು ದಾಟಿರಬಹುದಾದ ಒಂದು ಹುಡುಗಿ ಒಪ್ಪುವ ಮೊದಲು ಇಷ್ಟು ಕೇಳುತ್ತಾಳೆ, ಇಲ್ಲಿ ನಾನು? ಕನ್ನಡಕ ಒರೆಸಿಕೊಂಡು ಮೇಲಿನಿಂದ ಓದತೊಡಗಿದೆ. ಒಂದು ತಾಸು ಹಿಡಿಯಿತು. ಹದಿನೇಳನೆಯ ಷರತ್ತು ಹೀಗಿತ್ತು: ಮೊಬೈಲ್ ಸಂಪರ್ಕವಿಲ್ಲದ ಸ್ಥಳಗಳಲ್ಲಿ ಗ್ರಂಥಪಾಲಕರು ಬಳಕೆದಾರರ ಗುರುತಿನ ಚೀಟಿ ಪರಿಶೀಲಿಸಿ, ತಮ್ಮ ಕಂಪ್ಯೂಟರಿನಿಂದ ಕೂಪನ್ ಮುದ್ರಿಸಿ ಕೊಡತಕ್ಕದ್ದು. ಕೂಪನ್ನಿಗೆ ಒಟಿಪಿಯ ಅಗತ್ಯವಿರುವುದಿಲ್ಲ.

ನಾನು ಅದನ್ನು ಮತ್ತೊಮ್ಮೆ ಓದಿದೆ. ಎಂಟು ತಿಂಗಳ ಕೂಗಾಟ, ಕಾಲರಿನ ಕ್ಯಾನ್ವಾಸು, ನನ್ನ ಮೊಣಕಾಲು, ಎಲ್ಲಕ್ಕೂ ಉತ್ತರ ದಿನಾ ಬೆಳಿಗ್ಗೆ ನನ್ನ ಎದುರಿಗೇ ಬರುತ್ತಿತ್ತು, ನಾನು ಓದಿದ್ದೇನೆ ಎಂದು ಹೇಳಿ ಅದನ್ನು ಮುಚ್ಚುತ್ತಿದ್ದೆ. ಇದನ್ನು ಊರಿಗೆ ಹೇಗೆ ಹೇಳುವುದು ಎಂದು ಎರಡು ದಿನ ಮನಸ್ಸು ಹೊಯ್ದಾಡಿತು. ಕೊನೆಗೆ ಮೊದಲ ಕೂಪನ್ನನ್ನು ಇದಿನಬ್ಬ ಕಾಕನಿಗೇ ಕೊಟ್ಟು ತಪ್ಪೊಪ್ಪಿಕೊಂಡೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗೆ ಎಂತಕ್ಕೆ ಟೀಚರೇ? ನನ್ನ ಫೋನಲ್ಲಿ ಇಂಟರ್ನೆಟ್ಟೇ ಇಲ್ಲ" ಎಂದು ವಾಪಸು ಕೊಟ್ಟರು. ಆಮೇಲೆ ಸ್ವಲ್ಪ ಬೇಸರದಿಂದ "ಹಾಗಾದ್ರೆ ಇನ್ನು ಮೇಲಿನಿಂದ ಕೂಗುವುದು ಬೇಡವಾ?" ಎಂದು ಕೇಳಿದರು.

ಈಗ ಶೇಖರ ಮಧ್ಯಾಹ್ನದ ಊಟದ ನಂತರ ಕಾಲು ಗಂಟೆ ನನಗೆ ಪಾಠ ಮಾಡುತ್ತಾನೆ. ಲೀಲಕ್ಕನೂ ಬೀಡಿಯ ಮೊರ ಹಿಡಿದು ಬಂದು ಕೂರುತ್ತಾರೆ. ಅವರ ಬೆರಳು ನನ್ನದಕ್ಕಿಂತ ಚುರುಕು, ಬೀಡಿ ಕಟ್ಟಿದ ಬೆರಳಲ್ಲವೇ. ಮಗ ದಿನವಿಡೀ ಏನೇನು ಯೋಚಿಸುತ್ತಾನೆ ಎಂದು ಅವರಿಗೆ ಈಗ ತಿಳಿಯುತ್ತಿದೆ. ಒಂದು ದಿನ ಅವನು ಏನೋ ಹೇಳಿದ್ದಕ್ಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾಲ್ಕನೆಯ ಶನಿವಾರ ಪ್ರೇಮ ನನ್ನನ್ನೇ ಕರೆದಳು. ಶೇಖರ ಫೋನನ್ನು ಪುಸ್ತಕಗಳಿಗೆ ಒರಗಿಸಿ ಪಕ್ಕಕ್ಕೆ ಸರಿದ. ಪರೀಕ್ಷೆ ಎಂದು ನನಗೆ ಗೊತ್ತಿತ್ತು, ಹಿಂದಿನ ದಿನ ಕನ್ನಡಿಯೆದುರು ಅಭ್ಯಾಸವನ್ನೂ ಮಾಡಿದ್ದೆ. ಊಟ ಆಯಿತಾ ಎಂದು ಕೇಳಿದಳು, ಆಯಿತು ಎಂದೆ. ಮೊಣಕಾಲು ಹೇಗಿದೆ ಎಂದು ಕೇಳಿದಳು. ನೋವು ಎನ್ನುವ ಬದಲು ನಾನು ಬೇರೆ ಏನನ್ನೋ ಹೇಳಿದೆನೆಂದು ಕಾಣುತ್ತದೆ, ಅವಳು ಬಾಯಿ ಮುಚ್ಚಿ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಕಣ್ಣು ಕಿರಿದು ಮಾಡಿ ನನ್ನ ಹೆಗಲಿನಾಚೆ ಏನನ್ನೋ ಓದಿದಳು. ಬೆರಳು ಚಾಚಿ ಅದನ್ನೇ ತೋರಿಸಿ, ನಿಧಾನವಾಗಿ, ನನಗೆ ತಿಳಿಯುವ ಹಾಗೆ ಕೈಯಲ್ಲಿ ಕೇಳಿದಳು: ಅಲ್ಲಿ ಹಾಗೆ ಬರೆದಿದೆಯಲ್ಲ, ನಾವು ಮಾತಾಡಬಹುದಾ?

ತಿರುಗಿ ನೋಡಿದೆ. ಗೋಡೆಯ ಮೇಲೆ ನನ್ನ ಹಲಗೆ, ಶುಭ್ರವಾಗಿ ಒರೆಸಿದ್ದು. ಇಷ್ಟು ವರ್ಷದಲ್ಲಿ ನನ್ನ ಷರತ್ತನ್ನು ಓದಿ, ಒಪ್ಪುವ ಮೊದಲು ಪ್ರಶ್ನೆ ಕೇಳಿದವಳು ಅವಳೊಬ್ಬಳು. ನಾನು ಕುರ್ಚಿ ಎಳೆದು, ಮೊಣಕಾಲಿಗೆ ಸಮಾಧಾನ ಹೇಳಿ, ಹತ್ತಿ, ಹಲಗೆಯನ್ನು ಮೊಳೆಯಿಂದ ಇಳಿಸಿದೆ. ಅವಳಿಗೆ ಕಾಣುವಂತೆ ಅದನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಮತ್ತೆ ಎದುರಿಗೆ ಬಂದು ಕೂತು, ಎರಡೂ ಕೈ ಎತ್ತಿದೆ.